ಜಗಲಿಯ ಮಾತು: ಯಂತ್ರಗುರುವೂ ಅಜ್ಜಿಯ ಕೆಮ್ಮೂ

ಮಳೆಗಾಲದ ಒಂದು ಸಂಜೆ ನಾವು ನೆರೆಮನೆಯ ಜಗಲಿಯಲ್ಲಿ ಕುಳಿತಿದ್ದೆವು. ಅಡಿಕೆಗೆ ಎರಡನೆಯ ಸಲ ಮದ್ದು ಬಿಡಲು ಮಳೆ ಬಿಡುವು ಕೊಡುತ್ತಿಲ್ಲವೆಂಬ ಚಿಂತೆಯಿಂದ ಆರಂಭವಾದ ಮಾತು, ಎಂದಿನಂತೆ ಮಕ್ಕಳ ಓದಿನತ್ತ ಹೊರಳಿತು. ಆ ಮನೆಯ ಮಗಳು ವೈದ್ಯಕೀಯ ಕಾಲೇಜಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಪರೀಕ್ಷೆಗೆ ಮುನ್ನ ಓದಿಕೊಳ್ಳಲೆಂದು ಕೊಟ್ಟ ರಜೆಯಲ್ಲಿ ಊರಿಗೆ ಬಂದಿದ್ದಳು. ಮನೆಯ ಯಜಮಾನರು ಒಳಕೋಣೆಯತ್ತ ಕೈ ತೋರಿಸಿ, ತಗ್ಗಿದ ದನಿಯಲ್ಲಿ ನಮ್ಮೊಡನೆ ಹೇಳಿದರು:

“ನೀವು ಪತ್ರಿಕೆಯವರು, ನಾಲ್ಕು ವಿಷಯ ತಿಳಿದವರು. ಇದೊಂದು ಹೇಳಿ. ಇವಳು ರಾತ್ರಿ ಹನ್ನೆರಡರವರೆಗೆ ಆ ಮೊಬೈಲಿನ ಹತ್ತಿರ ಮಾತಾಡುತ್ತಾಳೆ. ಎಂತ ಅಂತ ಕೇಳಿದರೆ ಪಾಠ ಅನ್ನುತ್ತಾಳೆ. ಕಾಲೇಜು ಅಲ್ಲಿ, ಇವಳು ಇಲ್ಲಿ. ಮೊಬೈಲು ಡಾಕ್ಟರಿಕೆ ಕಲಿಸುವುದುಂಟೋ?”

ಆ ಸಂಜೆ ಅವರಿಗೆ ಸರಿಯಾದ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಬಳಿಕ ನಾಲ್ಕಾರು ದಿನ ಆ ಹುಡುಗಿಯೊಡನೆ ಕುಳಿತು ನೋಡಿ, ಈಗಾಗಲೇ ವೈದ್ಯನಾಗಿರುವ ಆಕೆಯ ಅಣ್ಣನೊಡನೆ ಮಾತನಾಡಿ, ಸಿಕ್ಕಿದ್ದನ್ನು ಓದಿ ನಾವು ತಿಳಿದುಕೊಂಡುದನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತಿದ್ದೇವೆ. ಪ್ರಶ್ನೆ ಆ ಯಜಮಾನರೊಬ್ಬರದಲ್ಲವೆಂಬುದು ನಮ್ಮ ನಂಬಿಕೆ.

ಮನೆಯ ಮಗುವೊಂದು ವೈದ್ಯನಾಗಬೇಕೆಂಬ ಆಸೆ ಎಲ್ಲ ಕಡೆಯೂ ಉಂಟು. ಗಡಿನಾಡಿನಲ್ಲಿ ಆ ಆಸೆಯ ಹಿಂದೆ ಒಂದು ನೋವೂ ಉಂಟು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ತಲಪಾಡಿಯ ದಾರಿ ಮುಚ್ಚಿದ ದಿನಗಳನ್ನು ಕಾಸರಗೋಡಿನವರು ಮರೆತಿಲ್ಲ. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟರು, ಸಾವುಗಳೂ ಆದವು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. 2013ರಲ್ಲಿ ಶಿಲಾನ್ಯಾಸವಾಗಿದ್ದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆ ಏಪ್ರಿಲ್‌ನಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆಯನ್ನಾಗಿ ಮಾಡಬೇಕಾಯಿತು. ಅದೇ ಕಾಲೇಜಿಗೆ ಎಂ.ಬಿ.ಬಿ.ಎಸ್. ತರಗತಿಯ 50 ಸ್ಥಾನಗಳು ಮಂಜೂರಾದದ್ದು 2025ರಲ್ಲಿ. ಆದುದರಿಂದ ನಮ್ಮ ಮಕ್ಕಳು ಎಂಥ ವೈದ್ಯರಾಗುತ್ತಾರೆ ಎಂಬುದು ನಮಗೆ ಬರಿಯ ಹೆಮ್ಮೆಯ ಮಾತಲ್ಲ. ನಾಳೆ ನಮ್ಮ ಹಾಸಿಗೆಯ ಬದಿಗೆ ಬಂದು ನಿಲ್ಲುವವರು ಯಾರೆಂಬ ಮಾತು.

* * *

ಮೊದಲು ಅಣ್ಣನ ಕಥೆ. ಆತ ಕಾಲೇಜು ಸೇರಿದ್ದು 2019ರಲ್ಲಿ. ಮೊದಲ ವರ್ಷದ ಅಂಗರಚನಾಶಾಸ್ತ್ರ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಲಾಕ್‌ಡೌನ್ ಆಯಿತು. ಊರಿಗೆ ಬಂದವನಿಗೆ ಪಾಠವೆಲ್ಲ ಮೊಬೈಲಿನಲ್ಲಿ. ಮನೆಯಲ್ಲಿ ಸಿಗ್ನಲ್ ಇಲ್ಲ. ಹಿತ್ತಿಲಿನ ಗುಡ್ಡ ಹತ್ತಿ, ಗೇರುಮರದ ಅಡಿಯಲ್ಲಿ ಕೊಡೆ ಹಿಡಿದು ಕುಳಿತು ಹೃದಯದ ನಾಲ್ಕು ಕೋಣೆಗಳನ್ನು ಅಂಗೈಯಗಲದ ಪರದೆಯಲ್ಲಿ ನೋಡುತ್ತಿದ್ದ. ಇನ್ನೂರು ವಿದ್ಯಾರ್ಥಿಗಳು ಒಟ್ಟಿಗೆ ಕೇಳುವ ಪಾಠ. ನಡುವೆ ಸಂದೇಹ ಬಂದರೆ ಕೇಳುವಂತಿಲ್ಲ. ಕೇಳೋಣವೆಂದರೆ ಅಷ್ಟರಲ್ಲಿ ಸಿಗ್ನಲ್ ಹೋಗುತ್ತಿತ್ತು.

“ನನಗೆ ಪಾಠ ಇತ್ತು, ಮಾವ. ತಿರುಗಿ ಕೇಳಲಿಕ್ಕೆ ಜನ ಇರಲಿಲ್ಲ” ಎಂದ ಆತ ನಮ್ಮೊಡನೆ. ಕಾಲೇಜು ತೆರೆದ ಮೇಲೆ ಶವಚ್ಛೇದನದ ಮೇಜಿನ ಮುಂದೆ ನಿಂತಾಗ, ಪರದೆಯಲ್ಲಿ ಕೆಂಪು ನೀಲಿ ಬಣ್ಣಗಳಲ್ಲಿ ಬಿಡಿಬಿಡಿಯಾಗಿ ಕಂಡಿದ್ದ ರಕ್ತನಾಳ ನರಗಳೆಲ್ಲ ಒಂದೇ ಮಾಸಲು ಬಣ್ಣವಾಗಿ ಕಂಡುವಂತೆ. ಕಣ್ಣು ಕಲಿತದ್ದನ್ನು ಕೈ ಮತ್ತೊಮ್ಮೆ ಮೊದಲಿನಿಂದ ಕಲಿಯಬೇಕಾಯಿತು.

ತಂಗಿಯ ಕಾಲಕ್ಕೆ ತಿರುಗಿ ಕೇಳಲು ಒಂದು ವಸ್ತು ಬಂದಿದೆ. ಅದೇ ಆ ಯಜಮಾನರನ್ನು ಕಾಡಿದ ಚಾಟ್‌ಬಾಟ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಓಪನ್‌ಎಐ ಎಂಬ ಸಂಸ್ಥೆ 2022ರ ನವೆಂಬರ್ 30ರಂದು ಚಾಟ್‌ಜಿಪಿಟಿಯನ್ನು ಲೋಕಕ್ಕೆ ತೆರೆದಿಟ್ಟಿತು. ಅನಂತರ ಅಂಥವು ಹಲವು ಬಂದಿವೆ. ಅಪಾರವಾದ ಬರಹವನ್ನು ಉಣಿಸಿ, ಒಂದು ಮಾತಿನ ಬಳಿಕ ಯಾವ ಮಾತು ಬರುವುದು ಸಂಭವವೆಂಬುದನ್ನು ಲೆಕ್ಕ ಹಾಕಲು ಕಲಿಸಿದ ಯಂತ್ರ ಅದು. ಪ್ರಶ್ನೆ ಬರೆದರೆ, ಅಥವಾ ಬಾಯಲ್ಲೇ ಕೇಳಿದರೆ, ಮನುಷ್ಯರು ಬರೆದಂತೆಯೇ ಉತ್ತರ ಜೋಡಿಸಿ ಕೊಡುತ್ತದೆ.

ಇದರ ವೈದ್ಯವಿದ್ಯೆ ಸಾಮಾನ್ಯದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ವೈದ್ಯರಾಗಬಯಸುವವರು ಮೂರು ಹಂತಗಳ ಒಂದು ಕಠಿಣ ಪರೀಕ್ಷೆಯನ್ನು ದಾಟಬೇಕು. ಉತ್ತೀರ್ಣರಾಗಲು ಹೆಚ್ಚುಕಡಿಮೆ ನೂರಕ್ಕೆ 60 ಪ್ರಶ್ನೆಗಳಿಗೆ ಸರಿಯುತ್ತರ ಬೇಕು. ವಿಶೇಷ ತರಬೇತಿಯೇನೂ ಇಲ್ಲದ ಚಾಟ್‌ಜಿಪಿಟಿ ಆ ಮೂರೂ ಹಂತಗಳ ಪ್ರಶ್ನೆಗಳಲ್ಲಿ ತೇರ್ಗಡೆಯ ಗೆರೆಯ ಹತ್ತಿರ ಅಥವಾ ಗೆರೆಯ ಮೇಲೆ ಬಂದಿತೆಂದು 2023ರ ಫೆಬ್ರವರಿಯಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಅದೇ ಮಾದರಿಯ ಪ್ರಶ್ನೆಗಳಲ್ಲಿ ಗೂಗಲ್‌ನವರ ಮೆಡ್-ಪಾಮ್ ನೂರಕ್ಕೆ 67.2ರಷ್ಟನ್ನು, ಅದರ ಎರಡನೆಯ ಆವೃತ್ತಿ 86.5ರಷ್ಟನ್ನು ಸರಿಯಾಗಿ ಉತ್ತರಿಸಿದುವು. ಪುಸ್ತಕದ ವಿದ್ಯೆಯ ಮಟ್ಟಿಗೆ ಯಂತ್ರ ಒಳ್ಳೆಯ ವಿದ್ಯಾರ್ಥಿಯೇ ಸರಿ.

* * *

ಹುಡುಗಿ ನಮಗೆ ತೋರಿಸಿದ ಪಾಠ ಹೀಗಿತ್ತು. ಎರಡನೆಯ ವರ್ಷದಲ್ಲಿ ಔಷಧಶಾಸ್ತ್ರ ದೊಡ್ಡ ವಿಷಯ. ರಕ್ತದ ಒತ್ತಡಕ್ಕೆ ಕೊಡುವ ಎನಾಲಾಪ್ರಿಲ್ ಮುಂತಾದ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆಂದು ಪುಸ್ತಕದಲ್ಲಿ ಒಂದು ಸಾಲು ಇದೆ. ಏಕೆ ಬರುತ್ತದೆಂಬುದು ಆಕೆಗೆ ಅರ್ಥವಾಗಿರಲಿಲ್ಲ. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳಾದುದರಿಂದ, ಆಕೆ ಯಂತ್ರವನ್ನು ಕನ್ನಡದಲ್ಲಿಯೇ ಕೇಳಿದಳು.

ಉತ್ತರ ಬಂತು. ನಮ್ಮ ದೇಹದಲ್ಲಿ ಒಂದು ಕಿಣ್ವ ಎರಡು ಕೆಲಸ ಮಾಡುತ್ತದೆ. ರಕ್ತನಾಳಗಳನ್ನು ಬಿಗಿಸುವ ವಸ್ತುವೊಂದನ್ನು ತಯಾರಿಸುವುದು ಅದರ ಒಂದು ಕೆಲಸ. ಬ್ರಾಡಿಕೈನಿನ್ ಎಂಬ ಇನ್ನೊಂದು ವಸ್ತುವನ್ನು ಒಡೆದುಹಾಕುವುದು ಮತ್ತೊಂದು. ಮಾತ್ರೆ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಬಿಗಿಸುವ ವಸ್ತು ಕಡಿಮೆಯಾಗಿ ಒತ್ತಡ ಇಳಿಯುತ್ತದೆ. ಅದೇ ಹೊತ್ತಿಗೆ ಬ್ರಾಡಿಕೈನಿನ್ ಒಡೆಯದೆ ಉಳಿದು, ಶ್ವಾಸದ ದಾರಿಯನ್ನು ಕೆರಳಿಸಿ ಕೆಮ್ಮು ತರುತ್ತದೆ. ಹುಡುಗಿ ಮತ್ತೆ ಕೇಳಿದಳು: ಈ ಮಾತ್ರೆಯನ್ನು ಕಂಡುಹಿಡಿದವರು ಯಾರು? ಬ್ರೆಜಿಲ್ ದೇಶದ ಒಂದು ಜಾತಿಯ ಮಂಡಲದ ಹಾವಿನ ವಿಷದಲ್ಲಿ ಬ್ರಾಡಿಕೈನಿನ್ನಿನ ಶಕ್ತಿಯನ್ನು ಹೆಚ್ಚಿಸುವ ಅಂಶವಿದೆಯೆಂದು ಸೆರ್ಜಿಯೋ ಫೆರೇರಾ ಎಂಬ ವಿಜ್ಞಾನಿ 1965ರಲ್ಲಿ ತೋರಿಸಿದ್ದು, ಅದರ ಜಾಡು ಹಿಡಿದು ಈ ಬಗೆಯ ಮೊದಲ ಮಾತ್ರೆಯಾದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆದದ್ದು, ಎಲ್ಲವೂ ಬಂತು. ಆಕೆ ಪುಸ್ತಕ ತೆರೆದು ತಾಳೆ ನೋಡಿದಳು, ಸರಿಯಾಗಿತ್ತು.

ನಿಜ ಹೇಳಬೇಕೆಂದರೆ ನಾವು ಬೆರಗಾದೆವು. ಕನ್ನಡದಲ್ಲಿ ಎಂ.ಬಿ.ಬಿ.ಎಸ್. ಪಠ್ಯವನ್ನು ಓದಿ ಮುಗಿಸುವ ವ್ಯವಸ್ಥೆ ನಮ್ಮಲ್ಲಿಲ್ಲ. ಹಿಂದಿಯಲ್ಲಿ ಮೊದಲ ವರ್ಷದ ಪಠ್ಯಪುಸ್ತಕಗಳನ್ನು ಮಧ್ಯಪ್ರದೇಶ ಸರಕಾರ 2022ರಲ್ಲಿ ಹೊರತಂದಿತು. ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಮೊದಲ ವರ್ಷವೆಲ್ಲ ಇಂಗ್ಲಿಷಿನ ಮಡುವಿನಲ್ಲಿ ಮುಳುಗಿ ಏಳುವುದನ್ನು ನಾವು ಕಂಡಿದ್ದೇವೆ. ತರಗತಿಯಲ್ಲಿ ಎದ್ದು ನಿಂತು ಕೇಳಲು ನಾಚಿದ ಪ್ರಶ್ನೆಯನ್ನು, ಹತ್ತು ಸಲ ಬೇಕಾದರೂ, ಬೇಸರಿಸದವನೊಬ್ಬನನ್ನು ತನ್ನ ಭಾಷೆಯಲ್ಲಿ ಕೇಳಬಹುದಾದರೆ ಅದು ಸಣ್ಣ ಉಪಕಾರವಲ್ಲ. ಹಣವಿದ್ದವರು ಮನೆಪಾಠಕ್ಕೆ ಹೋಗುವ ಕಾಲದಲ್ಲಿ ಬಡವರ ಮಗುವಿಗೂ ಇದು ದೊರೆಯುತ್ತದೆ.

ಪಾಠವನ್ನು ಆಕೆ ನಮಗೆ ವಿವರಿಸುತ್ತಿದ್ದಂತೆಯೇ ಅಡುಗೆಮನೆಯಿಂದ ಅಜ್ಜಿಯ ಕೆಮ್ಮು ಕೇಳಿಸಿತು. ಒಂದು, ಎರಡು, ಮೂರು, ಕಫವಿಲ್ಲದ ಒಣಕೆಮ್ಮು. ಹುಡುಗಿ ಮಾತು ನಿಲ್ಲಿಸಿದಳು.

“ಅಜ್ಜೀ, ಈ ಕೆಮ್ಮು ಯಾವಾಗಿನಿಂದ?”

“ಮಳೆಗಾಲದ್ದು ಮಗಳೇ. ಕಾಳುಮೆಣಸಿನ ಕಷಾಯ ಕುಡಿಯುತ್ತಿದ್ದೇನೆ, ಹೋಗುತ್ತದೆ.”

“ಮಳೆಗಾಲ ಮೊನ್ನೆ ಬಂದದ್ದಲ್ಲವೋ? ನಾನು ಕಳೆದ ಸಲ ಬಂದಾಗಲೂ ರಾತ್ರಿ ಕೇಳಿತ್ತು. ಬಿ.ಪಿ.ಯ ಮಾತ್ರೆ ಯಾವುದು? ತನ್ನಿ ನೋಡುವ.”

ಅಜ್ಜಿ ಮಾತ್ರೆಯ ಪಟ್ಟಿಯನ್ನು ತಂದರು. ಎನಾಲಾಪ್ರಿಲ್. ಬಿಸುವಿನ ಹೊತ್ತಿಗೆ ಆರಂಭಿಸಿದ್ದು. ಕೆಮ್ಮು ಹಿಡಿದದ್ದು ಅದರ ತಿಂಗಳೊಳಗೆ. ಅಲ್ಲಿ ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

* * *

ಈಗ ನಾಣ್ಯದ ಇನ್ನೊಂದು ಮುಖ. ಕಳೆದ ವರ್ಷ ಆಕೆ ಒಂದು ವಿಚಾರಗೋಷ್ಠಿಗೆ ಪ್ರಬಂಧ ಸಿದ್ಧಪಡಿಸುತ್ತಿದ್ದಾಗ, ತನ್ನ ಮಾತಿಗೆ ಆಧಾರ ಬೇಕೆಂದು ಯಂತ್ರವನ್ನು ಕೇಳಿದ್ದಳಂತೆ. ಲೇಖಕರ ಹೆಸರು, ಪತ್ರಿಕೆಯ ಹೆಸರು, ವರ್ಷ, ಪುಟಸಂಖ್ಯೆ ಎಲ್ಲವೂ ಬಂದುವು. ಅಧ್ಯಾಪಕರು ಹುಡುಕಿ ನೋಡಿದರೆ ಪತ್ರಿಕೆ ಇದೆ, ವರ್ಷ ಇದೆ, ಅಂಥ ಲೇಖನ ಮಾತ್ರ ಎಲ್ಲಿಯೂ ಇಲ್ಲ! ಎಲ್ಲರೆದುರು ತಲೆ ತಗ್ಗಿಸಬೇಕಾಯಿತೆಂದು ಆಕೆ ಹೇಳಿದಳು.

ನಮ್ಮ ಕಡೆಯ ತಾಳಮದ್ದಳೆಯನ್ನು ಕೇಳಿದವರಿಗೆ ಇದು ಬೇಗ ಅರ್ಥವಾದೀತು. ವಾಗ್ವೈಭವವುಳ್ಳ ಅರ್ಥಧಾರಿಗೆ ಎದುರಾಳಿಯ ಪ್ರಶ್ನೆಗೆ ಪುರಾಣದ ಆಧಾರ ತಕ್ಷಣ ಹೊಳೆಯದೆ ಹೋದರೆ, ಅಪ್ರಾಮಾಣಿಕನಾದವನು ಅಲ್ಲಿಯೇ ಒಂದು ಉಪಕಥೆಯನ್ನು ಹುಟ್ಟಿಸಿಬಿಡಬಲ್ಲ. ಮಾತಿನ ಓಟದಲ್ಲಿ ಸಭೆಗೆ ಗೊತ್ತಾಗದು. ಬಲ್ಲವರು ಮಾತ್ರ ಮುಖ ಮುಖ ನೋಡಿಕೊಳ್ಳುವರು. ಯಂತ್ರದ ಕಸುಬು ಮಾತಿಗೆ ಮಾತು ಹೊಂದಿಸುವುದು. ಹೊಂದಿದ ಮಾತು ಸತ್ಯವೂ ಆಗಿರಬೇಕೆಂಬ ನಿರ್ಬಂಧ ಅದರ ಹುಟ್ಟಿನಲ್ಲಿಯೇ ಇಲ್ಲ. ಅರ್ಥಧಾರಿಯಾದರೂ ತಡವರಿಸಿಯಾನು, ಇದು ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಿಂದ ನುಡಿಯುತ್ತದೆ. ಈಗಿನ ಚಾಟ್‌ಬಾಟುಗಳು ಅಂತರಜಾಲವನ್ನು ಹುಡುಕಿ ಆಧಾರದ ಕೊಂಡಿಯನ್ನೂ ಕೊಡುವುದುಂಟು. ಆದರೂ ಆ ಕೊಂಡಿಯನ್ನು ತೆರೆದು, ಹೇಳಿದ ಮಾತು ಅಲ್ಲಿ ಇದೆಯೇ ಎಂದು ನೋಡುವ ಹೊಣೆ ಓದುವವನದೇ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದುದು. ಯಂತ್ರ ಕೇಳುವವನ ಮನಸ್ಸನ್ನು ಹಿಡಿದು ನಡೆಯುತ್ತದೆ. ನಮ್ಮೆದುರಿಗೇ ಆಕೆ, ಬೇಕೆಂದೇ, ಒಂದು ಸರಿಯಾದ ಉತ್ತರವನ್ನು ತಪ್ಪೆಂದು ಎರಡು ಸಲ ವಾದಿಸಿದಳು. ಎರಡನೆಯ ಸಲಕ್ಕೆ ಯಂತ್ರ ಕ್ಷಮೆ ಕೇಳಿ ತನ್ನ ಸರಿಯುತ್ತರವನ್ನೇ ಬಿಟ್ಟುಕೊಟ್ಟಿತು! ಒಳ್ಳೆಯ ಗುರು ಶಿಷ್ಯನ ತಪ್ಪಿಗೆ ತಲೆದೂಗುವವನಲ್ಲ. ಮುಖಸ್ತುತಿ ಮಾಡುವ ಗುರುವಿನ ಬಳಿ ಕಲಿತ ವೈದ್ಯನು ತಾನು ಊಹಿಸಿದ್ದೇ ರೋಗವೆಂದು ನಂಬಿದರೆ, ಅದರ ಫಲವನ್ನು ಉಣ್ಣುವವನು ರೋಗಿ.

ಮೂರನೆಯದು ಭಾಷೆಯ ಮಾತು. ಇದು ಗಡಿನಾಡಿನವರಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದಂತೆ ವಹಿಸಿಕೊಂಡು, ಆಗಾಗ ಹೋಗಿ ಅವರ ಆರೋಗ್ಯ ವಿಚಾರಿಸಬೇಕೆಂಬ ಒಳ್ಳೆಯ ಕ್ರಮವೊಂದು 2021-22ರಲ್ಲಿ ಸೇರಿದ ತಂಡದಿಂದೀಚೆಗೆ ಬಂದಿದೆ. ಹಾಗೆ ಹೋದಾಗ, ಬಹಳ ವರ್ಷ ನಮ್ಮ ಗಡಿಯಲ್ಲಿ ಕೂಲಿ ಮಾಡಿ ಮಲಯಾಳ ಕನ್ನಡಗಳನ್ನು ಬೆರೆಸಿ ಆಡುವ ಮುದುಕರೊಬ್ಬರು ತಮಗೆ “ಮುಟ್ಟು ನೋವು” ಎಂದರಂತೆ. ಜೊತೆಗಿದ್ದ ಬೆಂಗಳೂರಿನ ಸಹಪಾಠಿ ಕಕ್ಕಾಬಿಕ್ಕಿಯಾದ. ಮಲಯಾಳದಲ್ಲಿ ಮುಟ್ಟು ಎಂದರೆ ಮೊಣಕಾಲು. ನಮ್ಮ ಹುಡುಗಿಗೆ ಅದು ಹುಟ್ಟಿನಿಂದಲೇ ಗೊತ್ತು. ಸಂಜೆ ಆಕೆ ಆ ಮಾತನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಯಂತ್ರಕ್ಕೆ ಕೊಟ್ಟು ನೋಡಿದಳು. ಯಂತ್ರ ಹೆಂಗಸರ ತಿಂಗಳ ನೋವಿನ ಬಗ್ಗೆ ಒಂದು ಪುಟ ಉಪದೇಶ ಮಾಡಿತಂತೆ. ಇದನ್ನು ಹೇಳುವಾಗ ಆಕೆಗೂ ನಮಗೂ ನಗು ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಅಜ್ಜಿಯೂ ನಕ್ಕರು.

ನಗು ನಿಂತ ಮೇಲೆ ಯೋಚಿಸಬೇಕಾದ ವಿಷಯ ಇದು. ಮಲಯಾಳದ ‘ಪನಿ’ ಜ್ವರ. ಹಳಗನ್ನಡದ ‘ಪನಿ’ ನೀರಹನಿ. ತುಳುವಿನವರು ‘ಬಂಜಿ ಬೇನೆ’ ಎನ್ನುವುದನ್ನು ಕನ್ನಡಿಗರು ಹೊಟ್ಟೆನೋವು ಎನ್ನುವರು. ನಮ್ಮ ಕೈಗೆ ‘ಜೋಮು’ ಹಿಡಿದರೆ ಮಲಯಾಳಿಗಳ ಕೈಗೆ ‘ತರಿಪ್ಪು’. ಸೊಲ್ಲಾಪುರ ಅಕ್ಕಲಕೋಟೆಗಳ ಕಡೆಯವರ ‘ಜಡ್ಡು’, ರಾಯದುರ್ಗ ಮಡಕಶಿರಗಳಲ್ಲಿ ತೆಲುಗಿನೊಡನೆ ಬೆರೆತು ಬಂದ ‘ಜಬ್ಬು’ ಇವೆಲ್ಲ ರೋಗವೆಂಬುದಕ್ಕೇ ಹೆಸರು. ಯಂತ್ರ ಕಲಿತದ್ದು ಬರೆದಿಟ್ಟ ಬರಹದಿಂದ. ಗಡಿಯ ಬಾಯಿಮಾತು ಬರಹಕ್ಕೆ ಬಂದದ್ದೇ ಅಲ್ಪ. ರೋಗಿಯ ಮಾತಿಗೆ ಕಿವಿಗೊಡುವುದರಿಂದಲೇ ರೋಗದ ಗುರುತು ಆರಂಭವಾಗುವುದಾದರೆ, ಆ ಕಿವಿ ನಮ್ಮ ಮಕ್ಕಳಲ್ಲಿ ಹುಟ್ಟಿನಿಂದ ಬಂದ ಆಸ್ತಿ. ಯಂತ್ರದ ಅಚ್ಚ ಗ್ರಂಥಭಾಷೆಯ ಮೋಹದಲ್ಲಿ ಅವರು ಅದನ್ನು ಕಳೆದುಕೊಳ್ಳಬಾರದು.

* * *

ವಿದ್ಯೆ ಬೇರೆ, ಕೈಗುಣ ಬೇರೆ ಎಂಬುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಅರಿತಿದ್ದರು. ಕೇವಲ ಶಾಸ್ತ್ರ ಬಲ್ಲವನೂ ಕೇವಲ ಕರ್ಮ ಬಲ್ಲವನೂ ಒಂದೇ ರೆಕ್ಕೆಯ ಹಕ್ಕಿಯಂತೆ ಕೆಲಸಕ್ಕೆ ಬಾರದವರೆಂದು ಸುಶ್ರುತಸಂಹಿತೆ ಹೇಳುತ್ತದೆ. ಶಿಷ್ಯನು ಮೊದಲು ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನು, ಬಟ್ಟೆ ತೊಗಲುಗಳ ಮೇಲೆ ಹೊಲಿಯುವುದನ್ನು, ಬೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನು ಅಭ್ಯಾಸ ಮಾಡಬೇಕೆಂದೂ ಅದು ವಿಧಿಸುತ್ತದೆ. ಯುರೋಪಿನಲ್ಲಿ 1761ರಲ್ಲಿ ಔಎನ್‌ಬ್ರುಗ್ಗರ್ ಎಂಬ ವೈದ್ಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿಯನ್ನು ತಿಳಿಯುವ ಕ್ರಮವನ್ನು ಪ್ರಕಟಿಸಿದ. ಅವನ ತಂದೆ ಛತ್ರ ನಡೆಸುತ್ತಿದ್ದವ. ಪೀಪಾಯಿಯಲ್ಲಿ ಎಷ್ಟು ಮದ್ಯ ಉಳಿದಿದೆಯೆಂದು ತಟ್ಟಿ ನೋಡುವುದು ಅಲ್ಲಿನ ರೂಢಿ. 1816ರಲ್ಲಿ ಪ್ಯಾರಿಸಿನ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕಿವಿಗೊಟ್ಟುದರಿಂದ ಸ್ಟೆತಾಸ್ಕೋಪು ಹುಟ್ಟಿತು. ಬೆರಳು, ಕಿವಿ, ಕಣ್ಣು, ಇವುಗಳ ಪಾಠವನ್ನು ದೂರದಿಂದ ಕಲಿಸಲು ಈ ತನಕ ಯಾರಿಂದಲೂ ಆಗಿಲ್ಲ.

ಸರಕಾರದ ನಿಯಮಗಳೂ ಇದನ್ನೇ ಹೇಳುತ್ತವೆ. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷದ ಓದು, ಅನಂತರ ಆಸ್ಪತ್ರೆಯಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ತರಗತಿಗಳಲ್ಲಿ ನೂರಕ್ಕೆ 75, ಪ್ರಾಯೋಗಿಕ ಹಾಗೂ ರೋಗಿಗಳ ಬಳಿಯ ಪಾಠಗಳಲ್ಲಿ ನೂರಕ್ಕೆ 80ರಷ್ಟು ಹಾಜರಿ ಇರಲೇಬೇಕು. 2020ರಲ್ಲಿ ಚೀನಾದಿಂದ, 2022ರಲ್ಲಿ ಯುದ್ಧದ ನಡುವೆ ಉಕ್ರೇನಿನಿಂದ ಮರಳಿದ ನಮ್ಮ ವಿದ್ಯಾರ್ಥಿಗಳು ಮನೆಯಲ್ಲೇ ಕುಳಿತು ಪಾಠ ಕೇಳಬೇಕಾಗಿ ಬಂದಾಗ, ಕೇವಲ ಆನ್‌ಲೈನ್ ಆಗಿ ನಡೆದ ವೈದ್ಯಶಿಕ್ಷಣವನ್ನು ಮಾನ್ಯ ಮಾಡುವುದಿಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು. ಆ ಮಕ್ಕಳ ಸಂಕಟ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅವರ ಕಷ್ಟಕ್ಕೆ ನಮ್ಮ ಸಹಾನುಭೂತಿ ಉಂಟು. ಆದರೆ ಆಯೋಗದ ಮಾತಿನ ತಿರುಳನ್ನು ಅಲ್ಲಗಳೆಯಲಾರೆವು.

ಹಾಗಾದರೆ ಯಂತ್ರವನ್ನು ಹೇಗೆ ಬಳಸಬೇಕು? ಹುಡುಗಿ ಮತ್ತು ಆಕೆಯ ಅಣ್ಣನ ಮಾತುಗಳಿಂದ ನಾವು ಆರಿಸಿಕೊಂಡ ನಾಲ್ಕು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ.

ಒಂದನೆಯದು, ಉತ್ತರ ಕೇಳುವುದಕ್ಕಿಂತ ಪ್ರಶ್ನೆ ಕೇಳಿಸಿಕೊಳ್ಳುವುದು ಮೇಲು. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಒಮ್ಮೆ ಓದಿ ಬಳಿಕ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಹೆಚ್ಚು ನೆನಪಿಟ್ಟಿದ್ದರು. “ನನಗೆ ಪಾಠ ಹೇಳಬೇಡ, ಪರೀಕ್ಷೆ ಮಾಡು” ಎಂದು ಯಂತ್ರಕ್ಕೆ ಹೇಳಿದರೆ ಅದು ಒಳ್ಳೆಯ ಪರೀಕ್ಷಕನಾಗಬಲ್ಲುದು.

ಎರಡನೆಯದು, ಯಂತ್ರವನ್ನು ರೋಗಿಯ ವೇಷ ಹಾಕಲು ಹೇಳಬಹುದು. ತರಬೇತಾದ ಜನರಿಂದ ರೋಗಿಯ ಪಾತ್ರ ಮಾಡಿಸಿ ವಿದ್ಯಾರ್ಥಿಗಳನ್ನು ಪರೀಕ್ಷಿಸುವ ಕ್ರಮವನ್ನು ಹೋವರ್ಡ್ ಬ್ಯಾರೋಸ್ ಎಂಬ ವೈದ್ಯ 1963ರಲ್ಲಿಯೇ ಆರಂಭಿಸಿದ್ದರು. ಊರಿನಲ್ಲಿ ಒಂಟಿಯಾಗಿ ಕುಳಿತ ವಿದ್ಯಾರ್ಥಿಗೆ ಯಂತ್ರದ ವೇಷವೂ ಅಭ್ಯಾಸಕ್ಕೆ ಒದಗುತ್ತದೆ. ಆದರೆ ಯಂತ್ರದ ರೋಗಿ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸುತ್ತಾನೆ; ನಮ್ಮ ಅಜ್ಜಿಯಂದಿರಂತೆ ಮಳೆಗಾಲದ ಕೆಮ್ಮೆಂದು ಮರೆಸುವುದಿಲ್ಲ.

ಮೂರನೆಯದು, ಔಷಧದ ಪ್ರಮಾಣ, ಅಂಕಿ, ಆಧಾರ, ಇವು ಮೂರನ್ನು ಪುಸ್ತಕದಲ್ಲಿ ಅಥವಾ ಅಧ್ಯಾಪಕರಲ್ಲಿ ತಾಳೆ ನೋಡದೆ ಒಪ್ಪಬಾರದು.

ನಾಲ್ಕನೆಯದು, ಆಸ್ಪತ್ರೆಯಲ್ಲಿ ಕಂಡ ರೋಗಿಯ ಹೆಸರು, ಚಿತ್ರ, ವರದಿ ಏನನ್ನೂ ಯಂತ್ರದ ಕೈಗೆ ಕೊಡಲಾಗದು. ವ್ಯಕ್ತಿಯ ಮಾಹಿತಿಯನ್ನು ರಕ್ಷಿಸುವ ಕಾಯಿದೆ ನಮ್ಮ ದೇಶದಲ್ಲಿ 2023ರಲ್ಲಿ ಬಂದಿದೆ. ಕಾಯಿದೆ ಇಲ್ಲದ ಕಾಲದಲ್ಲಿಯೂ ರೋಗಿಯ ಗುಟ್ಟನ್ನು ಕಾಯುವುದು ವೈದ್ಯನ ಧರ್ಮವೇ ಆಗಿತ್ತು.

ತಂದೆತಾಯಂದಿರಿಗೂ ಒಂದು ಮಾತು. ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಳ್ಳುವುದು ಪರಿಹಾರವಲ್ಲ. ರಾತ್ರಿ ಊಟದ ಹೊತ್ತಿಗೆ “ಇವತ್ತು ಏನು ಕಲಿತೆ, ನಮಗೆ ತಿಳಿಯುವಂತೆ ಹೇಳು” ಎಂದು ಕೇಳಿ. ತಾಯ್ನುಡಿಯಲ್ಲಿ ಅಜ್ಜಿಗೆ ತಿಳಿಯುವಂತೆ ಹೇಳಬಲ್ಲವಳು ನಿಜಕ್ಕೂ ಕಲಿತವಳು. ಹೇಳಲಾರದೆ ತಡವರಿಸಿದರೆ, ಯಂತ್ರ ಬರೆದುದನ್ನು ಕಣ್ಣು ಓದಿದೆ, ಮನಸ್ಸು ಓದಿಲ್ಲ ಎಂದು ಆಕೆಗೇ ತಿಳಿಯುತ್ತದೆ.

* * *

ಅಜ್ಜಿಯ ಕೆಮ್ಮಿಗೆ ಬರೋಣ. ಆ ದಿನ ಯಜಮಾನರು, “ಹಾಗಾದರೆ ನಾಳೆಯಿಂದ ಆ ಮಾತ್ರೆ ಬೇಡ” ಎಂದುಬಿಟ್ಟರು. ಹುಡುಗಿ ಒಪ್ಪಲಿಲ್ಲ. “ಅಪ್ಪಾ, ನಾನು ಇನ್ನೂ ಡಾಕ್ಟರಲ್ಲ. ಮಾತ್ರೆ ಒಮ್ಮೆಲೇ ಬಿಟ್ಟರೆ ಬಿ.ಪಿ. ಏರಬಹುದು. ಕೆಮ್ಮಿಗೆ ಬೇರೆ ಕಾರಣವೂ ಇರಬಹುದು, ಕ್ಷಯವೂ ಆಗಬಹುದು, ಅಸ್ತಮವೂ ಆಗಬಹುದು. ತೋರಿಸದೆ ನಿಲ್ಲಿಸಬಾರದು” ಎಂದಳು. ಮರುದಿನ ತಾನೇ ಅಜ್ಜಿಯನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋದಳು. ಅವರು ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಎಕ್ಸ್‌ರೇ ತೆಗೆಸಿದರು. ಬೇರೆ ದೋಷ ಕಾಣಲಿಲ್ಲ. ಈ ಬಗೆಯ ಮಾತ್ರೆ ತೆಗೆದುಕೊಳ್ಳುವ ನೂರು ಮಂದಿಯಲ್ಲಿ ಸುಮಾರು ಹತ್ತು ಮಂದಿಗೆ, ಅದರಲ್ಲೂ ಹೆಂಗಸರಿಗೆ ಹೆಚ್ಚಾಗಿ, ಇಂಥ ಕೆಮ್ಮು ಬರುವುದುಂಟೆಂದು ಹೇಳಿ ಇನ್ನೊಂದು ಗುಂಪಿನ ಮಾತ್ರೆಗೆ ಬದಲಿಸಿಕೊಟ್ಟರು. ಮೂರು ವಾರದಲ್ಲಿ ಕೆಮ್ಮು ನಿಂತಿತು. ಅಜ್ಜಿ ಮಾತ್ರ ಅದಕ್ಕೆ ಕಾಳುಮೆಣಸಿನ ಕಷಾಯವೇ ಕಾರಣವೆಂದು ಈಗಲೂ ಹೇಳುತ್ತಾರೆ.

ವಾಚಕರಲ್ಲಿ ಯಾರೂ ಇದನ್ನು ಓದಿ ತಮ್ಮ ಮಾತ್ರೆಯನ್ನು ತಾವೇ ಬಿಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ವೈದ್ಯರು ಹುಡುಗಿಯನ್ನು ಕೇಳಿದರಂತೆ: “ನಿನಗೆ ಹೇಗೆ ಹೊಳೆಯಿತು?” ಆಕೆ ಹೇಳಿದ್ದು ಇಷ್ಟೇ: “ಪಾಠ ಓದುವಾಗ ಅಜ್ಜಿ ಕೆಮ್ಮಿದರು.”

ಮೊನ್ನೆ ಯಜಮಾನರು ಪೇಟೆಯಲ್ಲಿ ಸಿಕ್ಕಿದಾಗ ಅವರ ಹಳೆಯ ಪ್ರಶ್ನೆಗೆ ನಾವು ಉತ್ತರ ಕೊಟ್ಟೆವು. ಮೊಬೈಲು ಪಾಠವನ್ನು ಕಲಿಸುವುದುಂಟು, ಕೆಲವೊಮ್ಮೆ ಚೆನ್ನಾಗಿಯೇ ಕಲಿಸುವುದುಂಟು. ಬ್ರಾಡಿಕೈನಿನ್ನಿನ ವಿಷಯವೆಲ್ಲ ಅದಕ್ಕೆ ಗೊತ್ತಿತ್ತು. ಆದರೆ ಆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆಂಬುದು ಅದಕ್ಕೆ ಗೊತ್ತಿರಲಿಲ್ಲ. ಅದನ್ನು ಹುಡುಗಿಯೇ ಕೇಳಿಸಿಕೊಳ್ಳಬೇಕಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ರಾತ್ರಿ ಓದುವಾಗ ಬಾಗಿಲು ತೆರೆದೇ ಇಡಲಿಕ್ಕೆ ಹೇಳುತ್ತೇನೆ” ಎಂದರು.

ಕೊನೆಗೆ ನಮ್ಮ ಓದುಗರಲ್ಲಿ ಒಂದು ಬಿನ್ನಹ. ತಾಳವಾಡಿಯಿರಲಿ, ಹೊಸೂರಿರಲಿ, ಜತ್ತ ಅಕ್ಕಲಕೋಟೆಗಳಿರಲಿ, ಆದವಾನಿ ಮಡಕಶಿರಗಳಿರಲಿ, ತಮ್ಮ ಊರಿನ ಕನ್ನಡದಲ್ಲಿ ನೋವು, ಜ್ವರ, ಉಬ್ಬಸ, ತಲೆಸುತ್ತು ಮೊದಲಾದವನ್ನು ಜನರು ಯಾವ ಮಾತಿನಿಂದ ಹೇಳುತ್ತಾರೆಂಬುದನ್ನು, ಅರ್ಥದೊಡನೆ, ನಮಗೆ ಬರೆದು ಕಳುಹಿಸಬೇಕು. ಮನೆಯ ಹಿರಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಬಂದುದನ್ನೆಲ್ಲ ಈ ಪುಟದಲ್ಲಿ ಪ್ರಕಟಿಸುತ್ತೇವೆ. ನಾಳೆ ನಮ್ಮ ಮಕ್ಕಳು ಯಾವ ಗಡಿಯ ಯಾವ ಆಸ್ಪತ್ರೆಯಲ್ಲಿ ನಿಂತರೂ, ಎದುರಿಗೆ ಬಂದ ಮುದುಕಿ ತನ್ನ ಮಾತಿನಲ್ಲಿ ಹೇಳಿದ ನೋವು ಅವರಿಗೆ ತಿಳಿಯುವಂತಾಗಲಿ.